ಹಳೆ ಕ್ಯಾಮೆರಾದಲ್ಲಿ ಫೋಕಸ್ ಪಾಯಿಂಟ್ ಬೇಗ ಬದಲಾಯಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಸೆಕೆಂಡ್ ಹ್ಯಾಂಡ್ ಕ್ಯಾನನ್ 40ಡಿ ತಗೊಂಡು ಭಾನುವಾರ ಶಿರಾ ಹತ್ತಿರದ ಕಗ್ಗಲಡು ಪಕ್ಷಿಧಾಮಕ್ಕೆ ಹೋಗಿದ್ದೆ. ಹುಣಸೆ ಕೊಂಬೆ ಎಲ್ಲಾ ಶಾರ್ಪ್, ಬಣ್ಣದ ಕೊಕ್ಕರೆ ಮಸುಕು. ಫೋಕಸ್ ಪಾಯಿಂಟ್ (ಚಿತ್ರದಲ್ಲಿ ಕ್ಯಾಮೆರಾ ಫೋಕಸ್ ಮಾಡೋ ಜಾಗ) ಬದಲಾಯಿಸಬೇಕು ಅಂದ್ರೆ ಹಿಂದಿನ ಮೂಲೆಯ ಬಟನ್ ಒತ್ತಬೇಕು, ಆಮೇಲೆ ಜಾಯ್‌ಸ್ಟಿಕ್. ಅಷ್ಟರಲ್ಲಿ ಹಕ್ಕಿ ತಲೆ ತಿರುಗಿಸಿರುತ್ತೆ. ಇದನ್ನ ಬದಲಾಯಿಸೋಕೆ ಕಸ್ಟಮ್ ಫಂಕ್ಷನ್ (ಕ್ಯಾಮೆರಾ ಕೆಲಸ ಮಾಡೋ ರೀತಿ ಬದಲಾಯಿಸೋ ಸೆಟ್ಟಿಂಗ್) ಇದೆ ಅಂತಾರೆ, ಮೆನುವಿನಲ್ಲಿ ಎಲ್ಲೂ ಕಾಣ್ತಿಲ್ಲ.

ತುಮಕೂರಿನಿಂದ:
ನನ್ನ ಹತ್ರಾನೂ ಅದೇ 40ಡಿ ಇದೆ, 2007ರದ್ದು. ಮೊದಲು ಮೇಲಿನ ಮೋಡ್ ಡಯಲ್ ನೋಡಿ. ಹಸಿರು ಆಟೋದಲ್ಲಿದ್ರೆ ಕಸ್ಟಮ್ ಫಂಕ್ಷನ್ ಮೆನು ಕಾಣೋದೇ ಇಲ್ಲ. ಡಯಲ್ ಮೇಲಿರೋ P, Tv, Av ಅಥವಾ M ಅಕ್ಷರಕ್ಕೆ ತಿರುಗಿಸಿ. ಆ ಮೆನುವಿನ ಮೂರನೇ ಗುಂಪಿನಲ್ಲಿ ಮೂರನೆಯದು ಎಎಫ್ (ಆಟೋಫೋಕಸ್) ಪಾಯಿಂಟ್ ಆಯ್ಕೆ ವಿಧಾನ. ಅದನ್ನ 1ಕ್ಕೆ ಇಡಿ. ಆಮೇಲೆ ಬಟನ್ ಬೇಡ, ಜಾಯ್‌ಸ್ಟಿಕ್ ಎತ್ತ ತಳ್ಳಿದರೆ ಅತ್ತ ಪಾಯಿಂಟ್ ಹೋಗುತ್ತೆ, ನೇರ ಒಳಕ್ಕೆ ಒತ್ತಿದರೆ ಮಧ್ಯಕ್ಕೆ ಬರುತ್ತೆ. ಒಂದು ಎಚ್ಚರ: ಇದಾದ ಮೇಲೆ ಹಳೇ ಬಟನ್ ಒತ್ತಿದರೆ ಒಂಬತ್ತೂ ಪಾಯಿಂಟ್ ಆಟೋಗೆ ಹೋಗುತ್ತವೆ. ಆಟೋದಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರದ ವಸ್ತುವನ್ನೇ ಹಿಡಿಯೋದು. ಕಗ್ಗಲಡುನಲ್ಲಿ ಗೂಡಿಗಿಂತ ಮುಂದೆ ಕೊಂಬೆ ಇದ್ದೇ ಇರುತ್ತೆ, ನಿಮ್ಮ ಫೋಟೋ ಹಾಳಾಗಿದ್ದು ಅಲ್ಲೇ.

ಶಟರ್ ಬಟನ್ ಬದಲು ಹಿಂದಿರೋ ಎಎಫ್-ಆನ್ ಬಟನ್‌ನಲ್ಲೇ ಫೋಕಸ್ ಮಾಡಿ ಅಂತ ತುಂಬಾ ಜನ ಹೇಳ್ತಾರೆ. ಕೂತ ಹಕ್ಕಿಗೆ ನಾನು ಹಾಗೆ ಮಾಡಲ್ಲ. ಜಾಯ್‌ಸ್ಟಿಕ್ಕೂ ಹೆಬ್ಬೆರಳಿನದೇ ಕೆಲಸ, ಎಎಫ್-ಆನ್ ಕೂಡ ಹೆಬ್ಬೆರಳಿನದೇ. ಗೂಡಿಗೆ ಕಡ್ಡಿ ತರೋ ಕೊಕ್ಕರೆ ಕತ್ತು ಎಡಕ್ಕೂ ಬಲಕ್ಕೂ ಆಡಿಸುತ್ತೆ, ಪಾಯಿಂಟ್ ಕಣ್ಣಿನ ಹಿಂದೆಯೇ ಓಡಬೇಕು. ಹೆಬ್ಬೆರಳನ್ನ ಪಾಯಿಂಟಿಗೆ ಬಿಟ್ಟು, ಫೋಕಸ್ ಶಟರ್ ಬಟನ್‌ಗೇ ಇರಲಿ. ಹಾರೋ ಹಕ್ಕಿಗೆ ಮಾತ್ರ ಮಧ್ಯದ ಪಾಯಿಂಟ್ ಮತ್ತು ಎಎಫ್-ಆನ್. ಈ ಎರಡು ಸೆಟ್ಟಿಂಗ್‌ಗಳನ್ನೂ ಬೇರೆ ಬೇರೆಯಾಗಿ ಡಯಲ್‌ನ ಸಿ1, ಸಿ2 ಸ್ಥಾನಗಳಿಗೆ (ನಮ್ಮ ಸೆಟ್ಟಿಂಗ್ ಉಳಿಸಿಡೋ ಜಾಗ) ರಿಜಿಸ್ಟರ್ ಮಾಡಿಟ್ಟರೆ ಡಯಲ್ ತಿರುಗಿಸಿದರೆ ಸಾಕು.

ಮಧುಗಿರಿಯಿಂದ:
ನನ್ನದು ನಿಕಾನ್ ಡಿ90, 11 ಪಾಯಿಂಟ್. ಅದರಲ್ಲಿ ಸಿಂಗಲ್ ಪಾಯಿಂಟ್‌ಗೆ ಇಟ್ಟರೆ ಸೆಲೆಕ್ಟರ್ ತಳ್ಳಿದರೆ ಸಾಕು, ಬೇರೆ ಬಟನ್ ಬೇಕಿಲ್ಲ. ಇಲ್ಲಿನ ಮೈದನಹಳ್ಳಿ ಕೃಷ್ಣಮೃಗ ಧಾಮದಲ್ಲಿ ಒಂದು ಕೃಷ್ಣಮೃಗ ಎದುರಿಗೇ ನಿಂತಿತ್ತು, ಪಾಯಿಂಟ್ ಕದಲಲೇ ಇಲ್ಲ. ಬ್ಯಾಗ್‌ನಿಂದ ತೆಗೆಯುವಾಗ ಸೆಲೆಕ್ಟರ್ ಸುತ್ತಲಿನ ಲಾಕ್ 'L' ಗುರುತಿನ ಕಡೆಗೆ ತಿರುಗಿತ್ತು. ಗೊತ್ತಾಗೋ ಹೊತ್ತಿಗೆ ಹಿಂಡೇ ಹೊರಟುಹೋಯ್ತು. ನಿಕಾನ್‌ನವರು ಮೊದಲು ಅದನ್ನ ನೋಡಿಕೊಳ್ಳಿ. ಡಿ90ಯಲ್ಲಿ ಕ್ರಾಸ್ ಪಾಯಿಂಟ್ (ಅಡ್ಡ, ಉದ್ದ ಎರಡೂ ಗೆರೆಗಳನ್ನ ಗುರುತಿಸೋ ಪಾಯಿಂಟ್) ಮಧ್ಯದ್ದೊಂದೇ, ಮುಂಜಾನೆ ಮಬ್ಬಿನಲ್ಲಿ ಅಂಚಿನವು ತಡಕಾಡುತ್ತವೆ. 40ಡಿಯಲ್ಲಿ ಕಡಿಮೆ ಬೆಳಕು ಬಿಡೋ ಎಫ್ 5.6ರ ಲೆನ್ಸ್‌ಗೂ ಒಂಬತ್ತೂ ಕ್ರಾಸ್, ಆ ಮಟ್ಟಿಗೆ ನಿಮಗೆ ಅನುಕೂಲ.

ಕೇಳಿದವರು:
ಮೆನು ಹುಡುಕುವಾಗ ಡಯಲ್ ಹಸಿರಿನಲ್ಲೇ ಇತ್ತು. Avಗೆ ತಿರುಗಿಸಿದೆ, ಮೆನು ಬಂತು, 1ಕ್ಕೆ ಇಟ್ಟೆ. ಮನೆ ಮುಂದಿನ ತೆಂಗಿನ ಗರಿ ಹಿಂದೆ ಕೂತ ಮೈನಾದ ಕಣ್ಣಿಗೆ ಈಗ ತಾನೇ ಫೋಕಸ್ ಸಿಕ್ತು. ತುಂಬಾ ಥ್ಯಾಂಕ್ಸ್. ಸಿ1ಗೆ ಹಾಕಿ ಬರೋ ಭಾನುವಾರ ಮತ್ತೆ ಕಗ್ಗಲಡುಗೆ ಹೋಗ್ತೀನಿ.