ಜೂಜು, ಸಾಲ, ಮನೆ: ಮನೋವೈದ್ಯೆಯೊಂದಿಗೆ ಭಾನುವಾರದ ಪ್ರಶ್ನೋತ್ತರ

ವೈದ್ಯೆ: ಎಲ್ಲರಿಗೂ ನಮಸ್ಕಾರ. ಗೋವಾದ ಹಾಗೆ ಕೊಡಗಿಗೂ ಒಂದು ಕ್ಯಾಸಿನೊ ಬಂದರೆ ಪ್ರವಾಸೋದ್ಯಮ ಎದ್ದು ನಿಲ್ಲುತ್ತದೆ ಎಂದು ಕಳೆದ ವಾರ ನಮ್ಮ ಈ ಗ್ರೂಪಿನಲ್ಲಿ ಒಬ್ಬರು ಬರೆದರು. ಆಮೇಲೆ ಜೂಜಿನ ಬಗ್ಗೆ ನನಗೆ ಮೆಸೇಜುಗಳ ಮೇಲೆ ಮೆಸೇಜು. ಗೊತ್ತಿರುವಷ್ಟು ಹೇಳುತ್ತೇನೆ. ಹೆಸರು, ಮನೆತನ ಬರೆಯಬೇಡಿ.

ಅನಾಮಿಕ, ಸಿದ್ದಾಪುರ ಕಡೆ: ಮೇಡಂ, ಕಾಫಿ ಮಾರಿದ ದುಡ್ಡು ಕೈಗೆ ಬಂದ ಕೂಡಲೇ ನಮ್ಮ ಮನೆಯವರು ಸ್ನೇಹಿತರ ಜೊತೆ ಗೋವಾಕ್ಕೆ ಹೊರಡ್ತಾರೆ. ನಾಲ್ಕು ವರ್ಷದಿಂದ ಹೀಗೇ. ಈ ಸಲ ಮುಂದಿನ ಫಸಲಿನ ಮೇಲೂ ವ್ಯಾಪಾರಿ ಹತ್ರ ಮುಂಗಡ ತಗೊಂಡಿದ್ದಾರೆ. ನನ್ನ ಒಡವೆ ಬ್ಯಾಂಕಲ್ಲಿದೆ. ಒಂದು ವಾರದಿಂದ ನಿದ್ದೆ ಇಲ್ಲ, ರಾತ್ರಿ ಕಣದಲ್ಲಿ ಒಬ್ಬರೇ ಕೂತಿರ್ತಾರೆ. ನಿನ್ನೆ ಲಾಕರ್ ಕೀ, ಎಲ್‌ಐಸಿ ಬಾಂಡ್ ಎಲ್ಲ ನನ್ನ ಕೈಗೆ ಕೊಟ್ಟು "ಇನ್ನು ನಿನಗೆ ತೊಂದರೆ ಕೊಡಲ್ಲ" ಅಂದ್ರು. ಬುದ್ಧಿ ಬಂತು ಅಂದ್ಕೊಳ್ಳಲಾ? ಒಂದು ಎಕರೆ ಮಾರಿ ಸಾಲ ತೀರಿಸೋಣ ಅಂತಿದ್ದೀನಿ.

ವೈದ್ಯೆ: ಅಕ್ಕ, ಜಮೀನಿನ ಮಾತು ಆಮೇಲೆ. ಅವರು ಈಗ ಎಲ್ಲಿದ್ದಾರೆ? ಇದು ಬುದ್ಧಿ ಬಂದ ಲಕ್ಷಣವಲ್ಲ. ನಿದ್ದೆ ಬಿಟ್ಟವರು ಕಾಗದಪತ್ರ ಒಪ್ಪಿಸಿ ಹೀಗೆ ಮಾತಾಡಿದರೆ ನನಗೆ ಭಯವಾಗುತ್ತದೆ. "ಸಾಯುವ ಯೋಚನೆ ಬರ್ತಿದೆಯಾ" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ನಮ್ಮ ಕಡೆ ಮನೆಗಳಲ್ಲಿ ಕೋವಿ ಇರುತ್ತದೆ. ಅಣ್ಣನನ್ನೋ ಭಾವನನ್ನೋ ಈಗಲೇ ಕರೆಸಿ. ಕೋವಿ, ಮದ್ದುಗುಂಡು ಮನೆಯಿಂದ ಆಚೆ ಹೋಗಲಿ, ಠಾಣೆಯಲ್ಲಿ ಇಡಲು ಕೇಳಿ. ತೋಟಕ್ಕೆ ಹೊಡೆಯುವ ಔಷಧಿಯ ಶೆಡ್ಡಿಗೆ ಬೀಗ ಹಾಕಿ ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ರಾತ್ರಿ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ನನ್ನ ನಂಬರ್ ಇನ್‌ಬಾಕ್ಸಿಗೆ ಹಾಕಿದ್ದೇನೆ.

ಇನ್ನು ಸಾಲ. ಎಕರೆ ಮಾರಿ ಒಂದೇ ಏಟಿಗೆ ತೀರಿಸಬೇಡಿ. ಚಟ ಹಿಡಿದ ತಲೆಗೆ ಸಾಲ ತೀರಿತೆಂದರೆ ಮತ್ತೆ ಆಡಲು ದಾರಿ ಸಿಕ್ಕಿದಂತೆ. ಸೋತದ್ದನ್ನು ಆಡಿಯೇ ವಾಪಸ್ ತರುತ್ತೇನೆ ಎಂಬ ಹಠವೇ ಈ ಕಾಯಿಲೆಯ ತಿರುಳು. ಇನ್ನೇನು ಗೆದ್ದೇಬಿಟ್ಟೆ ಅನ್ನಿಸುವಂಥ ಸೋಲು ಕೂಡ ಮಿದುಳಿಗೆ ಗೆಲುವಿನ ರುಚಿಯನ್ನೇ ಹತ್ತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೇ ಇದು ಇದೆ. ಯಾರಿಗೆ ಎಷ್ಟು ಕೊಡಬೇಕು ಅಂತ ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ. ಕಾಫಿ ದುಡ್ಡು ಇಬ್ಬರ ಸಹಿ ಬೇಕಾಗುವ ಖಾತೆಗೆ ಬರಲಿ. ಚಿಕಿತ್ಸೆ ಇದೆ, ತಿಂಗಳುಗಟ್ಟಲೆ ಕೂತು ಮಾತಾಡಬೇಕು, ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಆದರೆ ಇವತ್ತಿನ ಕೆಲಸ ಕೋವಿ.

ಸುಂಟಿಕೊಪ್ಪ ಸದಸ್ಯರು: ಒಂದು ಫಾರ್ವರ್ಡ್ ಬಂದಿದೆ. "ಈ ಬೇರಿನ ಪುಡಿಯನ್ನು 21 ದಿನ ಗೊತ್ತಾಗದಂತೆ ಕಾಫಿಯಲ್ಲಿ ಬೆರೆಸಿ ಕೊಟ್ಟರೆ ಕುಡಿತ, ಜೂಜು ಎರಡೂ ಬಿಡುತ್ತಾರೆ." ಕೊಡಬಹುದಾ?

ವೈದ್ಯೆ: ಬೇಡ. ಯಾರಿಗೂ ಗೊತ್ತಿಲ್ಲದಂತೆ ಏನನ್ನೂ ಬೆರೆಸಬೇಡಿ. ಇಂಥ ಪುಡಿಯಲ್ಲಿ ಕೆಲವೊಮ್ಮೆ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧಿ ಸೇರಿರಬಹುದು, ಅದನ್ನು ತಿಂದವರು ಮೇಲೆ ಹೆಂಡ ಕುಡಿದರೆ ಜೀವಕ್ಕೇ ಅಪಾಯ. ಜೂಜು ಬಿಡಿಸುವ ಬೇರು ಯಾವುದೂ ಇಲ್ಲ.

ಮಡಿಕೇರಿ ಹೋಮ್‌ಸ್ಟೇಯವರು: ಎಲ್ಲರನ್ನೂ ರೋಗಿಗಳು ಮಾಡಬೇಡಿ ಮೇಡಂ. 2018ರ ಭೂಕುಸಿತ, ಅದರ ಹಿಂದೆಯೇ ಕೊರೊನಾ, ಎರಡೂ ಏಟು ತಿಂದವರು ನಾವು. ಕ್ಯಾಸಿನೊ ಬಂದರೆ ನಮ್ಮ ಹುಡುಗರು ಕೆಲಸಕ್ಕೆ ಬೆಂಗಳೂರಿಗೆ ಹೋಗೋದು ತಪ್ಪುತ್ತೆ.

ಗೋಣಿಕೊಪ್ಪ ಬೆಳೆಗಾರರು: ಕ್ಯಾಸಿನೊಗೆ ಬರುವವನು ನಿಮ್ಮ ಹೋಮ್‌ಸ್ಟೇಗೆ ಯಾಕೆ ಬರ್ತಾನೆ ಅಣ್ಣ? ಊಟ, ರೂಮು, ಕುಡಿಯೋದು ಎಲ್ಲ ಒಳಗೇ ಸಿಗುತ್ತೆ. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 1978ರಲ್ಲಿ ಶುರುವಾಯ್ತು, ಊರಿನ ಹೋಟೆಲುಗಳು ಒಂದೊಂದಾಗಿ ಮುಚ್ಚಿದವು. 2014ರಲ್ಲಿ ಒಂದೇ ವರ್ಷದಲ್ಲಿ ಅಲ್ಲಿನ ನಾಲ್ಕು ಕ್ಯಾಸಿನೊಗಳು ಬಾಗಿಲು ಹಾಕಿದವು.

ಮಡಿಕೇರಿ ಹೋಮ್‌ಸ್ಟೇಯವರು: ಅಮೆರಿಕ ಬಿಡಿ. ನಿಮ್ಮ ಕ್ಲಬ್ಬಲ್ಲಿ ರಾತ್ರಿ ಎರಡರ ತನಕ ಇಸ್ಪೀಟು ನಡೆಯುತ್ತಲ್ಲ, ಮೊದಲು ಅದನ್ನ ನಿಲ್ಲಿಸಿ.

ಗೋಣಿಕೊಪ್ಪ ಬೆಳೆಗಾರರು: ನಾನು ಒಂದು ಎಲೆ ಮುಟ್ಟಿದವನಲ್ಲ. ನಾಲಿಗೆ ಹಿಡಿತದಲ್ಲಿರಲಿ.

ವೈದ್ಯೆ: ಇಬ್ಬರೂ ನಿಲ್ಲಿಸಿ. ಕೆಲಸ ಸಿಗುತ್ತದೆ ಅನ್ನೋದು ಸುಳ್ಳಲ್ಲ. ದಕ್ಷಿಣ ಕೊರಿಯಾದಲ್ಲಿ ಜಂಗ್‌ಸನ್ ಎಂಬ ಬೆಟ್ಟದ ಸೀಮೆ ಕಲ್ಲಿದ್ದಲು ಗಣಿ ಮುಚ್ಚಿ ಸೊರಗಿತ್ತು. 2000ದಲ್ಲಿ ಅಲ್ಲಿ ಕ್ಯಾಸಿನೊ ತೆರೆದರು. ಕೆಲಸ ಬಂತು, ಜೊತೆಗೆ ಸಾಲುಸಾಲು ಗಿರವಿ ಅಂಗಡಿ ಬಂದವು. ಜನ ತಾವು ಬಂದ ಕಾರನ್ನೇ ಅಡ ಇಟ್ಟು ಆಡಿದರು. ಊರವರಿಗೆ ತಿಂಗಳಿಗೆ ಒಂದೇ ದಿನ ಪ್ರವೇಶ ಎಂಬ ಕಟ್ಟುಪಾಡು ಅಲ್ಲಿದೆ. ಗೋವಾ ಸರ್ಕಾರವೂ 2020ರಲ್ಲಿ ಗೋವಾದವರು ಕ್ಯಾಸಿನೊದಲ್ಲಿ ಆಡಬಾರದೆಂದಿತು. ತಮ್ಮ ಜನಕ್ಕೆ ಬೇಡ ಎಂದು ಅವರೇ ಬಾಗಿಲು ಹಾಕಿದ ಜಾಗಕ್ಕೆ ನಮ್ಮ ಕಾಫಿ ದುಡ್ಡು ಹೋಗುತ್ತಿದೆ.

ಸೋಮವಾರಪೇಟೆ ಸದಸ್ಯೆ: ಗಂಡನ ಜೂಜಿನ ಸಾಲಕ್ಕೆ ಹೆಂಡತಿ ಹೊಣೆಯಾ? ತಲೆತಲಾಂತರದಿಂದ ಬಂದ ಜಮ್ಮಾ ಜಾಗ ಹೋಗುತ್ತಾ?

ಕುಶಾಲನಗರ ಸದಸ್ಯೆ: ಮಗ ಮೈಸೂರಲ್ಲಿ ಓದ್ತಿದ್ದಾನೆ. ಫೀಸಿನ ದುಡ್ಡೆಲ್ಲ ಮೊಬೈಲ್ ರಮ್ಮಿಗೆ ಹೋಯ್ತು.

ವೈದ್ಯೆ: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನ ಕೇಂದ್ರ ಕಾನೂನು ನಿಷೇಧಿಸಿದೆ. ಇನ್ನೂ ಆಡುತ್ತಿದ್ದರೆ ಕಳ್ಳ ಆಪ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆಂದೇ ಇರುವ ಶಟ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಬೈಯಬೇಡಿ.

ವಿರಾಜಪೇಟೆ ಸದಸ್ಯರು: ಸಾಲ ಪೂರ್ತಿ ತೀರಿಸಿಬಿಟ್ಟರೆ ಚಟ ಬಿಡ್ತಾರಾ?

ವೈದ್ಯೆ: ಇಲ್ಲ. ಮೇಲೆ ಓದಿ.

ಸುಂಟಿಕೊಪ್ಪ ಸದಸ್ಯರು: ನಮ್ಮ ಭಾವನಿಗೆ ಆ ಪುಡಿಯಿಂದಲೇ ಗುಣ ಆಗಿದೆ. ಡಾಕ್ಟ್ರುಗಳಿಗೆ ಊರ ಮದ್ದು ಅಂದ್ರೆ ಆಗಲ್ಲ.

ವೈದ್ಯೆ: ಅಡ್ಮಿನ್, ಈ ಪುಡಿಯ ಮೆಸೇಜುಗಳನ್ನು ತೆಗೆಯಿರಿ. ಇಲ್ಲಿ ಒಂದು ಜೀವದ ಪ್ರಶ್ನೆ ಇದೆ.

ಮಡಿಕೇರಿ ಹೋಮ್‌ಸ್ಟೇಯವರು: ಎಲ್ಲರಿಗೂ ಹೀಗೆ ಸಿಡುಕೋದಾದ್ರೆ ಪ್ರಶ್ನೆ ಕೇಳಿ ಅಂತ ಯಾಕೆ ಕರೆದ್ರಿ?

ಅನಾಮಿಕ, ಸಿದ್ದಾಪುರ ಕಡೆ: ಮೇಡಂ, ಅಣ್ಣ ಬಂದ. ನೀವು ಹೇಳಿದ ಹಾಗೇ ಕೇಳಿದೆ. ಹೌದು ಅಂದ್ರು. ಕಣದಲ್ಲಿ ಕೂತು ಅಳ್ತಿದ್ದಾರೆ. ಕೋವಿ ಅಣ್ಣನ ಜೀಪಲ್ಲಿದೆ.

ವೈದ್ಯೆ: ಪಕ್ಕದಲ್ಲೇ ಕೂತಿರಿ ಅಕ್ಕ. ಫೋನ್ ಮಾಡ್ತಿದ್ದೇನೆ, ಎತ್ತಿ.

ಸೋಮವಾರಪೇಟೆ ಸದಸ್ಯೆ: ಮೇಡಂ, ಜಮ್ಮಾ ಜಾಗದ್ದು ಕೇಳಿದ್ದೆ.