ಪದಚರ್ಚೆ: ‘ತಿರುಗುತ್ತಿದ್ದರೂ ತಿರುಗದ’ ಚೆಂಡಿಗೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ.

ತುಮಕೂರಿನ ನಮ್ಮ ಕಾಲೇಜಿನ ವಿಜ್ಞಾನ ಸಂಚಿಕೆಗೆ ಬಂದಿರುವ ಲೇಖನವೊಂದನ್ನು ತಿದ್ದುತ್ತಾ ಒಂದು ಕ್ರಿಯಾಪದದ ಮುಂದೆ ನಿಂತುಬಿಟ್ಟಿದ್ದೇನೆ. ವಿಷಯ ಘರ್ಷಣೆ. ಬರೆದವಳು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಇಳಿಜಾರು, ಮರದ ದಿಮ್ಮಿ, ಬ್ರೇಕು ಎಂಬ ಪಠ್ಯಪುಸ್ತಕದ ಮಾಮೂಲು ಉದಾಹರಣೆಗಳನ್ನೆಲ್ಲ ಬದಿಗಿಟ್ಟು ಟೆನ್‌ಪಿನ್ ಬೌಲಿಂಗನ್ನು ಎತ್ತಿಕೊಂಡಿದ್ದಾಳೆ. ಎಣ್ಣೆ ಸವರಿದ ನುಣುಪು ಹಾಸಿನ ಮೇಲೆ ಭಾರದ ಚೆಂಡು ಬಿಟ್ಟು, ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್ನುಗಳನ್ನು, ಅಂದರೆ ಬಾಟಲಿಯಾಕಾರದ ಗೂಟಗಳನ್ನು, ಬೀಳಿಸುವ ಆಟ ಅದು. ಬೆಂಗಳೂರಿನಲ್ಲಿರುವ ಅವಳ ಅಣ್ಣ ಈ ಆಟ ಆಡುತ್ತಾನಂತೆ. ಲೇಖನದ ನಡುವೆ ಈ ವಾಕ್ಯವಿದೆ:

“ಎಣ್ಣೆ ಹೆಚ್ಚಿರುವ ಕಡೆ ಚೆಂಡು ಜೋರಾಗಿ ತಿರುಗುತ್ತಿದ್ದರೂ ತಿರುಗುವುದಿಲ್ಲ, ಎಣ್ಣೆ ಮುಗಿದ ಮೇಲೆ ತಿರುಗುತ್ತದೆ.”

ಭೌತಶಾಸ್ತ್ರದ ಲೆಕ್ಕದಲ್ಲಿ ಈ ವಾಕ್ಯಕ್ಕೆ ಪೂರ್ತಿ ಅಂಕ ಕೊಡಬೇಕು. ಓದುವವರಿಗೆ ಮಾತ್ರ ಅಚ್ಚಿನ ದೋಷದಂತೆ ಕಾಣುತ್ತದೆ. ಕೇಳಿದಾಗ ಅವಳು ಹೇಳಿದಳು: “ಸರ್, ಮೊದಲನೆಯದು ಬುಗುರಿ ತಿರುಗುವ ತಿರುಗು, ಎರಡನೆಯದು ಬಸ್ಸು ತಿರುಗುವ ತಿರುಗು.” ಗೊಂದಲ ಅವಳ ತಲೆಯಲ್ಲಿಲ್ಲ, ತನ್ನ ಸುತ್ತ ತಾನೇ ಸುತ್ತುವುದಕ್ಕೂ ಹೋಗುವ ದಿಕ್ಕು ಬದಲಿಸುವುದಕ್ಕೂ ಒಂದೇ ಕ್ರಿಯಾಪದವನ್ನು ನಾವೆಲ್ಲ ಬಳಸುತ್ತೇವೆ. ಕ್ರಿಕೆಟ್ ವರದಿಗಾರರಿಗೆ ಈ ತೊಡಕು ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಚೆಂಡು ಗಾಳಿಯಲ್ಲಿ ಸುತ್ತುತ್ತದೆ, ನೆಲಕ್ಕೆ ಬಡಿದ ಮೇಲೆ ತಿರುವು ಪಡೆಯುತ್ತದೆ. ನಡುವೆ ಒಂದು ಪುಟಿತ ಇರುವುದರಿಂದ ಎರಡೂ ತಾವಾಗಿ ಬೇರೆಯಾಗುತ್ತವೆ. ಈ ಆಟದಲ್ಲಿ ಚೆಂಡು ಮೊದಲಿನಿಂದ ಕೊನೆಯವರೆಗೂ ನೆಲ ಬಿಡುವುದಿಲ್ಲ. ಒಂದೇ ಓಟದಲ್ಲಿ ಅದು ಸುತ್ತುತ್ತದೆ, ಜಾರುತ್ತದೆ, ದಿಕ್ಕು ಬದಲಿಸುತ್ತದೆ, ಉರುಳುತ್ತದೆ. ಯಾವುದು ಎಲ್ಲಿ ಆಗುತ್ತದೆ ಎಂಬುದನ್ನು ಎಣ್ಣೆ ನಿರ್ಧರಿಸುತ್ತದೆ.

ಆಟ ನೋಡದವರಿಗಾಗಿ ಸ್ವಲ್ಪ ವಿವರ. ಲೇನ್ ಎಂದರೆ ಎಸೆಯುವ ಗೆರೆಯಿಂದ ಮೊದಲ ಪಿನ್ನಿನವರೆಗೆ 60 ಅಡಿ ಉದ್ದ, ಮೂರೂವರೆ ಅಡಿಗೆ ಕೂದಲೆಳೆಯಷ್ಟು ಕಡಿಮೆ ಅಗಲದ ನುಣುಪು ಹಾಸು. ಅಗಲವನ್ನು 39 ಹಲಗೆಗಳಾಗಿ ಎಣಿಸುತ್ತಾರೆ. ಈಗ ಮರದ ಬದಲು ಕೃತಕ ಹಾಳೆಗಳು ಬಂದಿದ್ದರೂ ಎಣಿಕೆ ಹಲಗೆಯಲ್ಲೇ. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡ್, ಅಂದರೆ ಏಳೂಕಾಲು ಕಿಲೋ. ಈ ಹಾಸಿನ ಮೇಲೆ ಯಂತ್ರದಿಂದ ಖನಿಜ ಎಣ್ಣೆ ಸವರುತ್ತಾರೆ. ಮರ ಹಾಳಾಗದಿರಲಿ ಎಂದು ಶುರುವಾದ ಪದ್ಧತಿ ಇಂದು ಆಟದ ಜೀವಾಳವೇ ಆಗಿದೆ. ಎಣ್ಣೆ ಪಿನ್ನಿನವರೆಗೂ ಹೋಗುವುದಿಲ್ಲ. ಸಾಮಾನ್ಯವಾಗಿ 35ರಿಂದ 45 ಅಡಿಯೊಳಗೆ ಎಲ್ಲಿಯೋ ನಿಲ್ಲುತ್ತದೆ, ಮುಂದಿನದು ಬರಿದು. ಒಂದು ಲೇನಿಗೆ ಬಳಸುವುದು ಸುಮಾರು 20ರಿಂದ 30 ಮಿಲಿಲೀಟರ್ ಎಣ್ಣೆ. ನಮ್ಮ ಹುಡುಗಿ ಲೆಕ್ಕ ಹಾಕಿದ್ದಾಳೆ: 25 ಮಿಲಿಲೀಟರ್ ಎಣ್ಣೆಯನ್ನು 40 ಅಡಿ ಉದ್ದಕ್ಕೆ ಸಮನಾಗಿ ಹರಡಿದರೆ ದಪ್ಪ ಎರಡು ಮೈಕ್ರಾನಿನಷ್ಟಾಗುತ್ತದೆ. ಗೆರೆಯ ಬಳಿ ನಿಂತವನ ಕಣ್ಣಿಗೆ ಅದು ಕಾಣುವುದಿಲ್ಲ. ಎಣ್ಣೆ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಆಟಗಾರ ಚೆಂಡಿನ ನಡೆ ನೋಡಿಯೇ ತಿಳಿಯಬೇಕು. (‘ಚೆಂಡಿನ ಪ್ರತಿಕ್ರಿಯೆ’ ಎಂದು ಅವಳು ಬರೆದಿದ್ದಳು. ‘ನಡೆ’ ಎಂದು ತಿದ್ದಿದ್ದೇನೆ. ಇದಕ್ಕೆ ಯಾರ ಆಕ್ಷೇಪಣೆಯೂ ಇರಲಾರದು ಎಂದುಕೊಂಡಿದ್ದೇನೆ.)

ಚೆಂಡು ಮೊದಲು ಏಕೆ ಜಾರುತ್ತದೆ? ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಕೈಬಿಟ್ಟಿತು ಎನ್ನೋಣ, ಸೆಕೆಂಡಿಗೆ ಏಳೂವರೆ ಮೀಟರ್. ಚೆಂಡಿನ ಸುತ್ತಳತೆ ಸುಮಾರು 68 ಸೆಂಟಿಮೀಟರ್. ಜಾರದೆ ಉರುಳಬೇಕಾದರೆ ಅದು ಸೆಕೆಂಡಿಗೆ 11 ಸುತ್ತು ಸುತ್ತಬೇಕು. ಪಳಗಿದ ಆಟಗಾರನ ಕೈ ಕೊಡುವುದು ಐದಾರು ಸುತ್ತು, ಅದೂ ಓರೆಯಾಗಿ. ಉಳಿದ ಕೊರತೆಯನ್ನು ಹಾಸಿನ ಘರ್ಷಣೆಯೇ ತುಂಬಿಕೊಡಬೇಕು. ಎಣ್ಣೆ ಇದ್ದಲ್ಲಿ ಘರ್ಷಣೆಯ ಗುಣಾಂಕ 0.04ರ ಆಸುಪಾಸು, ಎಣ್ಣೆ ಇಲ್ಲದಲ್ಲಿ 0.2, ಅಂದರೆ ಐದು ಪಟ್ಟು. ಹಾಗಾಗಿ ಎಣ್ಣೆಯ ಮೇಲೆ ಚೆಂಡು ಓರೆಯಾಗಿ ಸುತ್ತುತ್ತಲೇ ನೇರವಾಗಿ ಜಾರಿಕೊಂಡು ಹೋಗುತ್ತದೆ. ಬರಿ ಹಾಸು ಸಿಕ್ಕಿದೊಡನೆ ಆ ಓರೆ ಸುತ್ತಿಗೆ ಹಿಡಿತ ಸಿಗುತ್ತದೆ, ದಾರಿ ಪಕ್ಕಕ್ಕೆ ಬಾಗುತ್ತದೆ. ವೇಗ ಇಳಿದು ಸುತ್ತು ಏರಿ ಎರಡಕ್ಕೂ ತಾಳೆಯಾದ ಕ್ಷಣದಿಂದ ಜಾರುವಿಕೆ ನಿಂತು ಬರಿಯ ಉರುಳಾಟ. ಅಲ್ಲಿಂದ ಮುಂದೆ ದಾರಿ ಮತ್ತೆ ನೆಟ್ಟಗೆ.

ಹೀಗೆ ಮೂರು ಹಂತಗಳು. ನನ್ನ ಸಲಹೆ: ಜಾರು, ಹೊರಳು, ಉರುಳು. ತನ್ನ ಸುತ್ತ ತಾನು ತಿರುಗುವುದಕ್ಕೆ ‘ಸುತ್ತು’ ಎಂದು ಬೇರೆಯಾಗಿಯೇ ಇಟ್ಟುಕೊಳ್ಳುವುದು. ‘ತಿರುಗು’ ಈ ಲೇಖನದೊಳಗೆ ಎಲ್ಲಿಯೂ ಬರಬಾರದು.

‘ಜಾರು’ ಬಗ್ಗೆ ಜಗಳವಿಲ್ಲ. ‘ಉರುಳು’ ಕೂಡ ಗಟ್ಟಿ; ಉರುಳುಸೇವೆ ಕಂಡವರಿಗೆ ಜಾರದೆ ಹೋಗುವುದು ಎಂದರೇನು ಎಂದು ವಿವರಿಸಬೇಕಾಗಿಲ್ಲ. ನಡುವಿನ ಹಂತಕ್ಕೆ ‘ಹೊರಳು’ ಆರಿಸಿದ್ದು ಅದರಲ್ಲಿ ಎರಡು ಅರ್ಥಗಳೂ ಕೂಡಿಕೊಂಡಿವೆ ಎಂಬ ಕಾರಣಕ್ಕೆ. ಹೊರಳಿ ನೋಡಿದ ಎಂದರೆ ದಿಕ್ಕು ಬದಲಾಯಿತು. ಮಗ್ಗುಲಿಗೆ ಹೊರಳಿದ ಎಂದರೆ ಮೈಯೇ ಮಗುಚಿತು. ಆ ಹಂತದಲ್ಲಿ ಚೆಂಡು ಮಾಡುವುದು ಇವೆರಡನ್ನೂ: ದಾರಿಯೂ ಬದಲಾಗುತ್ತದೆ, ಸುತ್ತುವ ಅಕ್ಷವೂ ಹೊರಳಿಕೊಳ್ಳುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಪದ ಅಪ್ಪಣೆ ಕೊಟ್ಟು ಮಾಡಿಸಿದರೂ ಸಿಗಲಾರದು ಎಂದು ಬೀಗುತ್ತಿದ್ದಾಗ ಪಾವಗಡ ಕಡೆಯ ಸಹೋದ್ಯೋಗಿಯೊಬ್ಬರು ಒಂದು ಕಲ್ಲು ಹಾಕಿದರು. ಅವರ ಮನೆಮಾತು ತೆಲುಗು. ನಾವು ಉರುಳುಸೇವೆ ಎನ್ನುವುದನ್ನು ಅವರು ‘ಪೊರ್ಲು ದಂಡಾಲು’ ಎನ್ನುತ್ತಾರೆ. ಆ ‘ಪೊರ್ಲು’ ನಮ್ಮ ‘ಹೊರಳು’ವಿನ ಒಡಹುಟ್ಟು, ಹಳಗನ್ನಡದಲ್ಲಿ ಅದೂ ‘ಪೊರಳ್’ ಆಗಿತ್ತಲ್ಲ. ಅವರ ಕಿವಿಗೆ ಹೊರಳುವುದೂ ಉರುಳುವುದೂ ಒಂದೇ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ ಕಡೆಯ ವಿದ್ಯಾರ್ಥಿಗಳಿಗೆ ಎರಡನೆಯ ಹಂತವೂ ಮೂರನೆಯ ಹಂತವೂ ಕಲಸಿಹೋದರೆ ಪದ ಬೇರ್ಪಡಿಸಿದ ಶ್ರಮವೆಲ್ಲ ವ್ಯರ್ಥ.

ಬದಲಿ ಪದಗಳನ್ನೂ ನೋಡಿದ್ದೇನೆ. ‘ಬಾಗು’ ದಾರಿಗೆ ಸರಿ, ಚೆಂಡಿಗೆ ಸಲ್ಲುವುದಿಲ್ಲ; ಚೆಂಡು ಬಾಗಿತು ಎಂದರೆ ನಮಸ್ಕಾರ ಮಾಡಿದಂತಾಯಿತು. ಚೆಂಡು ಹೀಗೆ ಪಕ್ಕಕ್ಕೆ ಬಾಗುವುದಕ್ಕೆ ಇಂಗ್ಲಿಷಿನಲ್ಲಿರುವ ಹುಕ್ ಎಂಬುದನ್ನು ‘ಕೊಕ್ಕೆ’ ಎಂದು ಮಾಡಿದ್ದನ್ನು ಕಂಡಿದ್ದೇನೆ. ಕನ್ನಡದಲ್ಲಿ ಕೊಕ್ಕೆ ಹಾಕುವುದು ಕಡತಕ್ಕೆ, ಚೆಂಡಿಗಲ್ಲ. ವಾಹನ ಓಡಿಸುವವರು “ಗಾಡಿ ಎಡಕ್ಕೆ ಎಳೆಯುತ್ತಿದೆ” ಎನ್ನುತ್ತಾರಲ್ಲ, ಆ ‘ಎಳೆ’ ನನಗೆ ಇಷ್ಟವಾಯಿತು. ಆದರೆ ಅದು ದೋಷ ಹೇಳುವ ಮಾತು. ಬಲಗೈ ಆಟಗಾರನ ಚೆಂಡು ಎಡಕ್ಕೆ ಬರುವುದು ದೋಷವಲ್ಲ, ಅದೇ ಬೇಕಾದದ್ದು. ಪಿನ್ನುಗಳ ನಡುವಿನ ಸಂದಿಗೆ ಸುಮಾರು ಆರು ಡಿಗ್ರಿ ಓರೆಯಲ್ಲಿ ಹೊಕ್ಕ ಚೆಂಡಿಗೆ ಹತ್ತೂ ಪಿನ್ನುಗಳನ್ನು ಬೀಳಿಸುವ ಸಾಧ್ಯತೆ ಹೆಚ್ಚು. ನೇರ ಎಸೆತದಿಂದ ಆ ಓರೆ ಬರುವುದೇ ಇಲ್ಲ, ಹೊರಳಿದರೆ ಮಾತ್ರ ಬರುತ್ತದೆ.

ಇನ್ನು ಲೇನಿನ ಸ್ಥಿತಿ ಹೇಳುವ ಪದಗಳು. ‘ಎಣ್ಣೆಯ ಸ್ಥಿತಿ’ ಎಂದು ಬರೆದಿದ್ದಾಳೆ. ನನ್ನ ಮನಸ್ಸು ‘ಹದ’ದ ಕಡೆಗೆ ವಾಲುತ್ತದೆ. ಶಿರಾ, ಮಧುಗಿರಿ ಕಡೆ ಕಡಲೆಕಾಯಿ ಬಿತ್ತುವವರು ಮಳೆಯಾದ ಮಾರನೆಯ ದಿನ ಮಣ್ಣು ಹಿಸುಕಿ ನೋಡಿ ಹೇಳುವ ಹದ. ಹದ ಸಿಗುತ್ತದೆ, ಹದ ತಪ್ಪುತ್ತದೆ, ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಲೇನಿನ ಎಣ್ಣೆಯ ಕಥೆಯೂ ಇದೇ. ಒಂದು ತೊಡಕಿದೆ. ‘ಹದ’ ಎಂದರೆ ಒಳ್ಳೆಯ ಸ್ಥಿತಿ ಎಂದೇ ಮೊದಲ ಅರ್ಥ. ‘ಕೆಟ್ಟ ಹದ’ ಎಂದು ಯಾರೂ ಹೇಳುವುದಿಲ್ಲ, ‘ಹದಗೆಟ್ಟ’ ಎನ್ನುತ್ತಾರೆ. ಮೋಜಿಗೆ ಆಡುವ ಕಡೆ ನಡುವಿನ ಹಲಗೆಗಳ ಮೇಲೆ ಎಣ್ಣೆ ಹೆಚ್ಚು, ಅಂಚಿನಲ್ಲಿ ತೀರಾ ಕಡಿಮೆ. ಚೆಂಡು ಹೊರಗೆ ಹೋದರೆ ಬರಿ ಹಾಸು ಹಿಡಿದು ಒಳಕ್ಕೆ ತರುತ್ತದೆ, ಒಳಗೆ ಹೋದರೆ ಎಣ್ಣೆ ತಡೆದು ನೇರ ಕಳುಹಿಸುತ್ತದೆ. ಸ್ಪರ್ಧೆಗಳಲ್ಲಿ ನಡುವಿಗೂ ಅಂಚಿಗೂ ಅಷ್ಟು ವ್ಯತ್ಯಾಸ ಇಡುವುದಿಲ್ಲ, ಹಾಗಾಗಿ ಗುರಿ ಒಂದೆರಡು ಹಲಗೆ ತಪ್ಪಿದರೂ ಪೆಟ್ಟು. ಮೊದಲನೆಯದನ್ನು ಹದವಾದ ಲೇನ್, ಎರಡನೆಯದನ್ನು ಹದವಿಲ್ಲದ ಲೇನ್ ಎನ್ನಲು ಬರುವುದಿಲ್ಲ; ಎರಡನ್ನೂ ಬೇಕೆಂದೇ ಹಾಗೆ ಸಿದ್ಧಮಾಡಿರುತ್ತಾರೆ.

‘ಒಣ ಲೇನ್’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀರು ಒಣಗುತ್ತದೆ, ಈ ಎಣ್ಣೆ ಒಣಗುವುದಿಲ್ಲ. ಒಣ ಎಂದರೆ ಹೊತ್ತು ಕಳೆದಂತೆ ಎಣ್ಣೆ ಗಾಳಿಗೆ ಆರಿಹೋಯಿತು ಎಂದೇ ಓದುಗರು ತಿಳಿಯುತ್ತಾರೆ. ಎಣ್ಣೆ ಕಡಿಮೆಯಾಗುವುದು ಚೆಂಡುಗಳು ಮತ್ತೆ ಮತ್ತೆ ಅದೇ ಜಾಡಿನಲ್ಲಿ ಹೋಗಿ ಅದನ್ನು ಒಯ್ಯುವುದರಿಂದ. ಅದಕ್ಕೆ ‘ಸವೆ’ ಚೆನ್ನಾಗಿ ಒಗ್ಗುತ್ತದೆ: ಎಣ್ಣೆ ಸವೆಯಿತು, ಸವೆದ ಜಾಡು. ಎಣ್ಣೆಯೇ ಇಲ್ಲದ ಭಾಗಕ್ಕೆ ಬರಿಗಾಲು, ಬರಿನೆಲದ ‘ಬರಿ’. ‘ಜಿಡ್ಡು’ ಬೇಡ; ಅದು ತೊಳೆಯಬೇಕಾದದ್ದು.

ಈಗಿನ ಚೆಂಡುಗಳ ಮೈ ಎಣ್ಣೆಯನ್ನು ಹೀರುತ್ತದೆ. ಒಂದು ಕಾಲಕ್ಕೆ ರಬ್ಬರ್, ಬಳಿಕ ಪಾಲಿಯೆಸ್ಟರ್, 1980ರ ದಶಕದಲ್ಲಿ ಯೂರಿಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂದವು. ಈ ಕೊನೆಯದರ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ‘ಚೆಂಡು ಎಣ್ಣೆ ಹೀರಿಕೊಳ್ಳುತ್ತದೆ’ ಎಂಬುದಕ್ಕಿಂತ ‘ಎಣ್ಣೆ ಕುಡಿಯುತ್ತದೆ’ ಎಂಬುದು ನಮ್ಮ ಅಡುಗೆಮನೆಯ ಮಾತು. ಬದನೆಕಾಯಿ ಎಣ್ಣೆ ಕುಡಿಯುತ್ತದೆ, ಹದ ತಪ್ಪಿದ ಪೂರಿಯೂ ಕುಡಿಯುತ್ತದೆ. ಆದರೆ ಹದಿಹರೆಯದವರು ಓದುವ ಸಂಚಿಕೆಯಲ್ಲಿ “ಎಣ್ಣೆ ಹೆಚ್ಚು ಕುಡಿದ ಚೆಂಡು ನೆಟ್ಟಗೆ ಹೋಗುವುದಿಲ್ಲ” ಎಂದು ಅಚ್ಚಾದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಪ್ರಾಂಶುಪಾಲರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ‘ಹೀರು’ ಎಂದೇ ಉಳಿಸಿದ್ದೇನೆ, ಒಲ್ಲದ ಮನಸ್ಸಿನಿಂದ.

ಪಾಲಿಯೆಸ್ಟರ್ ಚೆಂಡು ಹೀರುವುದಿಲ್ಲ. ಮೈಗೆ ಮೆತ್ತಿಕೊಂಡ ಎಣ್ಣೆಯನ್ನು ಮುಂದಕ್ಕೆ ಒಯ್ದು ಬರಿ ಭಾಗದಲ್ಲಿ ಸವರುತ್ತದೆ. ಆಗ ಮುಂದಿನ ಎಸೆತ ಹೊರಳಬೇಕಾದಲ್ಲಿ ಇನ್ನೂ ಜಾರುತ್ತಿರುತ್ತದೆ. ಸವೆತ ಮತ್ತು ಈ ಒಯ್ಯುವಿಕೆ, ಎರಡೂ ಎಣ್ಣೆಯ ಬದಲಾವಣೆಯೇ ಆದರೂ ಪರಿಣಾಮ ಒಂದಕ್ಕೊಂದು ವಿರುದ್ಧ: ಸವೆದಲ್ಲಿ ಬೇಗ ಹೊರಳುತ್ತದೆ, ಒಯ್ದು ಸವರಿದಲ್ಲಿ ತಡವಾಗುತ್ತದೆ. ಎರಡನೆಯದಕ್ಕೆ ನನ್ನ ಬಳಿ ಪದವಿಲ್ಲ. ‘ಮೆತ್ತೆಣ್ಣೆ’ ಎಂದು ಕಟ್ಟಿದೆ. ಮಗಳು ಅದನ್ನು ಓದಿ ತಲೆಗೆ ಹಚ್ಚುವುದೇ ಎಂದು ಕೇಳಿದಳು.

ಕೊನೆಯದಾಗಿ ‘ಬಲವಾದ ಚೆಂಡು’. ಹುಡುಗಿಯ ಅಣ್ಣ ಹೇಳಿಕೊಟ್ಟಂತೆ ಆಟಗಾರರು ಹೀಗೆನ್ನುವುದು ಹೆಚ್ಚು ಹೊರಳುವ ಚೆಂಡಿಗೆ: ಮರಳುಕಾಗದದಿಂದ ಉಜ್ಜಿದ ಒರಟು ಮೈ, ಒಳಗೆ ಅಸಮ ತೂಕದ ತಿರುಳು. ಎಣ್ಣೆ ದಟ್ಟವಾಗಿರುವಾಗ ಇಂಥದ್ದೇ ಬೇಕು. ನಯವಾದ ಚೆಂಡಾದರೆ ಪಿನ್ನಿನವರೆಗೂ ಜಾರಿಯೇ ಹೋದೀತು. ಎಣ್ಣೆ ಸವೆದ ಲೇನಿನಲ್ಲಿ ಅದೇ ಬಲವಾದ ಚೆಂಡು ಅರ್ಧ ದಾರಿಯಲ್ಲೇ ಹೊರಳಿ, ಕಸುವೆಲ್ಲ ಅಲ್ಲೇ ಖರ್ಚು ಮಾಡಿ, ಪಿನ್ನುಗಳ ಬಳಿ ಬರುವ ಹೊತ್ತಿಗೆ ಸೋತಿರುತ್ತದೆ. ಅಲ್ಲಿ ಹೊಳಪು ಮೈಯ ಚೆಂಡೇ ವಾಸಿ. ಲೇಖನದಲ್ಲಿ “ಬಲವಾದ ಚೆಂಡು ದುರ್ಬಲವಾಗಿ ಬಡಿಯುತ್ತದೆ” ಎಂಬ ವಾಕ್ಯ ಹೀಗೆ ಬಂದಿದೆ. ‘ಹೆಚ್ಚು ಹಿಡಿಯುವ ಚೆಂಡು’ ಎಂದು ಮಾಡಿದರೆ ಸಾಕೇ?

ತಿದ್ದಿದ ವಾಕ್ಯ ಸದ್ಯಕ್ಕೆ ಹೀಗಿದೆ: “ಎಣ್ಣೆ ಇರುವಷ್ಟು ದೂರ ಚೆಂಡು ಸುತ್ತುತ್ತಲೇ ಜಾರುತ್ತದೆ, ಬರಿ ಹಾಸು ತಲುಪಿದಾಗ ಹಿಡಿತ ಸಿಕ್ಕಿ ಒಳಕ್ಕೆ ಹೊರಳುತ್ತದೆ, ಬಳಿಕ ನೆಟ್ಟಗೆ ಉರುಳಿ ಪಿನ್ನುಗಳಿಗೆ ಬಡಿಯುತ್ತದೆ.”

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಸದಸ್ಯರು ಈ ವಾಕ್ಯವನ್ನು ಮನೆಯಲ್ಲಿ ಯಾರಿಗಾದರೂ ಓದಿಹೇಳಿ, ‘ಹೊರಳುತ್ತದೆ’ ಎಂದಾಗ ಅವರು ಕೈಯಲ್ಲಿ ಯಾವ ಸನ್ನೆ ಮಾಡುತ್ತಾರೆ ಎಂದು ತಿಳಿಸಿದರೆ ದೊಡ್ಡ ಉಪಕಾರ. ಎಣ್ಣೆ ಗಿರಣಿ, ಗಾಣದ ಕೆಲಸ ಬಲ್ಲವರಿದ್ದರೆ, ಒಂದು ಕಡೆಯ ಎಣ್ಣೆ ಕಾಲಿಗೋ ಚಕ್ರಕ್ಕೋ ಹತ್ತಿಕೊಂಡು ಇನ್ನೊಂದು ಕಡೆಯ ನೆಲಕ್ಕೆ ಬರುವುದಕ್ಕೆ ಅಲ್ಲಿ ಏನೆನ್ನುತ್ತಾರೆ ಎಂಬುದನ್ನೂ ಬರೆಯಿರಿ. ಸಂಚಿಕೆ ರಾಜ್ಯೋತ್ಸವಕ್ಕೆ ಮೊದಲು ಅಚ್ಚಿಗೆ ಹೋಗುತ್ತದೆ.