ಸಹಾಯ ಬೇಕು: ಸಣ್ಣ ತೋಟದಲ್ಲಿ ಎಣ್ಣೆ ತಾಳೆ ಬಹುಕಾಲ ನಿಭಾಯಿಸಬಲ್ಲ ಬೆಳೆಯೇ?

ಎಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ಹಿರಿಯಡಕದಲ್ಲಿ ನಮಗೆ ಎರಡು ಎಕರೆ ಅಡಿಕೆ ತೋಟವಿದ್ದು, ಎಲೆಚುಕ್ಕಿ ರೋಗದಿಂದ ಸೋಗೆಗಳು ಕಂದಿ ಒಣಗುತ್ತಿರುವುದರಿಂದ ಅರ್ಧ ಭಾಗದಲ್ಲಿ ಎಣ್ಣೆ ತಾಳೆ ಹಾಕೋಣವೆಂದು ಅಣ್ಣ ಹೇಳುತ್ತಿದ್ದಾರೆ. ಕೇಂದ್ರ ಸರಕಾರ 2021ರಲ್ಲಿ ಆರಂಭಿಸಿದ ಖಾದ್ಯ ತೈಲ ಯೋಜನೆಯಡಿ ಸಸಿಗೆ ಸಹಾಯಧನವಿದೆ ಎಂಬುದು ಅವರ ಧೈರ್ಯ. ನನ್ನ ಆತಂಕ ನೀರಿನದು. ಒಂಬತ್ತು ಮೀಟರ್ ಅಂತರದಲ್ಲಿ ತ್ರಿಕೋನಾಕಾರವಾಗಿ ನೆಟ್ಟರೆ ಎಕರೆಗೆ ಸುಮಾರು 57 ಗಿಡಗಳಾಗುತ್ತವೆ. ಬೆಳೆದ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 200 ಲೀಟರಿನಷ್ಟು ನೀರು ಬೇಕು. ಮಳೆಗಾಲದಲ್ಲಿ ಕೈಗೆಟಕುವಷ್ಟು ತುಂಬುವ ನಮ್ಮ ಬಾವಿಯಲ್ಲಿ ಏಪ್ರಿಲ್ ಬಂತೆಂದರೆ ಪಂಪು ಅರ್ಧ ಗಂಟೆಗೇ ಗಾಳಿ ಎಳೆಯುತ್ತದೆ.

ಕೊಯ್ದ ಗೊನೆ 24 ಗಂಟೆಯೊಳಗೆ ಕಾರ್ಖಾನೆ ಸೇರದಿದ್ದರೆ ಎಣ್ಣೆಯಲ್ಲಿ ಆಮ್ಲದ ಅಂಶ ಏರಿ ಗುಣಮಟ್ಟ ಕುಸಿಯುತ್ತದೆ. ಅಡಿಕೆಯನ್ನಾದರೆ ಅಂಗಳದಲ್ಲಿ ಒಣಗಿಸಿ, ದರ ಏರುವವರೆಗೆ ಇಟ್ಟುಕೊಳ್ಳಬಹುದು. ತಾಳೆಯಲ್ಲಿ ಆ ಅವಕಾಶವೇ ಇಲ್ಲದಿರುವುದು ಸಣ್ಣ ಹಿಡುವಳಿದಾರರಿಗೆ ಎಲ್ಲಕ್ಕಿಂತ ದೊಡ್ಡ ತೊಡಕೆಂದು ನನಗನಿಸುತ್ತದೆ. ಮೊದಲ ಮೂರ್ನಾಲ್ಕು ವರ್ಷ ಫಸಲಿಲ್ಲ ಎಂಬುದನ್ನು ಹೇಗೋ ಸಹಿಸಿಕೊಳ್ಳಬಹುದು.

ಕರಾವಳಿಯಲ್ಲಿ ತಾಳೆ ಬೆಳೆದು ಕೆಲವು ವರ್ಷ ಕೊಯ್ಲು ಮಾಡಿದವರು ಬೇಸಿಗೆಯ ನೀರಿಗೆ ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ, ಸಾಗಾಟದ ಖರ್ಚನ್ನು ಯಾರು ಭರಿಸುತ್ತಾರೆ, ನಡುವೆ ಕೊಕ್ಕೊ ಬೆಳೆಯಲು ಸಾಧ್ಯವೇ ಎಂಬುದನ್ನು ದಯವಿಟ್ಟು ತಿಳಿಸಿ. ತೋಟ ನೋಡಲು ಅನುಮತಿಯಿದ್ದರೆ ಅಣ್ಣನನ್ನೂ ಕರೆದುಕೊಂಡು ಬರುತ್ತೇನೆ.